ಚಿತ್ರಕ್ಕಿಂತ ಮೊದಲು ಕೇಳಬೇಕಾದ ಮಾತು

ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಿತ್ರರು ಮೂರು ಸಲ ಹೇಳಿದರು. ಕವನ ನನ್ನಿಂದಾಗದು. ಕತೆ ಬರೆಯುವ ಧೈರ್ಯವಿಲ್ಲ. ನಾನು ಬಿ.ಎಸ್ಸಿ. ಓದುವವನು, ಕನ್ನಡದ ಮೇಲಿನ ಆಸೆಗೆ ಸಂಘಕ್ಕೆ ಬರುವವನು. ಆದ್ದರಿಂದ ನಮ್ಮ ಮನೆಯಲ್ಲಿ ನಾಲ್ಕು ವರ್ಷ ನಡೆದ ಒಂದು ಸಂಗತಿಯನ್ನೂ, ಅದರಿಂದ ನನಗೆ ಬಂದ ಒಂದು ಅಭಿಪ್ರಾಯವನ್ನೂ ಇಲ್ಲಿ ಮುಂದಿಡುತ್ತೇನೆ. ಒಪ್ಪುವವರು ಒಪ್ಪಿ, ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಜಗಳಕ್ಕೆ ಬನ್ನಿ.

ಒಂದು ಸಂಜೆ ಡೊಂಬಿವಲಿ ಸ್ಟೇಶನ್ನಿನ ಪೂರ್ವಕ್ಕೆ ಇಳಿದು ಮನೆಯ ತನಕ ನಡೆಯುತ್ತ ನಾನು ಬೋರ್ಡುಗಳನ್ನು ಎಣಿಸಿದೆ. ಎಕ್ಸ್‌ರೇ, ಸೋನೋಗ್ರಫಿ, ಸಿ.ಟಿ., ಎಂ.ಆರ್.ಐ. ಎಂದು ಬರೆದ ಬೋರ್ಡುಗಳು ಒಟ್ಟು ಹನ್ನೊಂದು. ವಡಾಪಾವಿನ ಗಾಡಿಗಳು ಒಂಬತ್ತು. ಕಲ್ಯಾಣದಲ್ಲಾಗಲಿ, ಥಾಣೆಯಲ್ಲಾಗಲಿ, ಕೊಲ್ಲಿಯ ಆಚೆಯ ನವಿ ಮುಂಬಯಿಯಲ್ಲಾಗಲಿ ಲೆಕ್ಕ ಬೇರೆಯಾಗಲಾರದು. ಕಾಸಿದ್ದವನಿಗೆ ದೇಹದೊಳಗಿನ ಚಿತ್ರ ತೆಗೆಯಿಸಿಕೊಳ್ಳುವುದು ಈಗ ಚಪ್ಪಲಿ ಹೊಲಿಸಿಕೊಂಡಷ್ಟು ಹತ್ತಿರದ ಕೆಲಸ. ಕಾಸಿಲ್ಲದವನು ಸಾಲ ಮಾಡಿ ತೆಗೆಯಿಸುತ್ತಾನೆ. ಹೀಗಿರುವಾಗ, ಇಷ್ಟೆಲ್ಲ ಚಿತ್ರಗಳ ನಡುವೆಯೂ ಒಬ್ಬ ಮನುಷ್ಯನ ರೋಗ ನಾಲ್ಕು ವರ್ಷ ಬಚ್ಚಿಟ್ಟುಕೊಂಡು ಕೂತಿತ್ತು ಎಂದರೆ ಏನರ್ಥ? ಇದೇ ನನ್ನ ಪ್ರಶ್ನೆ.

ಆ ಮನುಷ್ಯ ನನ್ನ ಸೋದರಮಾವ. ಇಂಡಿ ತಾಲೂಕಿನ ಹಳ್ಳಿ ಬಿಟ್ಟು ಇಪ್ಪತ್ತರ ವಯಸ್ಸಿನಲ್ಲಿ ಬಂದವರು. ಡೊಂಬಿವಲಿಯ ಎಂ.ಐ.ಡಿ.ಸಿ.ಯ ಒಂದು ಕಾರಖಾನೆಯಲ್ಲಿ ಫಿಟ್ಟರ್. ಊರಿನ ಜಾತ್ರೆಯಲ್ಲಿ ಜೋಳದ ಚೀಲ ಹೊತ್ತು ಗುಡಿ ಸುತ್ತುತ್ತಿದ್ದ ಆಳು. 2019ರಲ್ಲಿ, ಅವರಿಗೆ ನಲವತ್ತೊಂದು ತುಂಬಿದಾಗ, ಹಿಮ್ಮಡಿ ನೋವು ಅಂತ ಶುರುವಾಯಿತು. ಆಮೇಲೆ ತೊಡೆ, ಆಮೇಲೆ ಸೊಂಟ, ಆಮೇಲೆ ಪಕ್ಕೆಲುಬು. "ಎಲುವಿನಾಗ ಯಾರೋ ಮೊಳಿ ಹೊಡದಂಗ ಆಗತೈತಿ" ಅನ್ನುತ್ತಿದ್ದರು. ಮನೆ ಹತ್ತಿರದ ಡಾಕ್ಟರು ವಾತ ಅಂದರು, ಗುಳಿಗೆ ಕೊಟ್ಟರು. ಅತ್ತಿ ಎಣ್ಣೆ ಕಾಸಿ ತಿಕ್ಕಿದರು. ಅವ್ವ ಊರಿನಿಂದ ಯಾವುದೋ ಬೇರು ತರಿಸಿದಳು.

ಮುಂದಿನ ವರ್ಷ ಕೊರೋನಾ ಬಂತು. ಆಸ್ಪತ್ರೆಗೆ ಹೋಗುವುದೇ ಒಂದು ರೋಗ ಎನ್ನುವ ಕಾಲ. ಅದು ಮುಗಿಯುವಷ್ಟರಲ್ಲಿ ಮಾಮಾ ಕೋಲು ಹಿಡಿದಿದ್ದರು. ಕಲ್ಯಾಣದ ಒಂದು ಕೇಂದ್ರದಲ್ಲಿ ಬೆನ್ನಿನ ಎಂ.ಆರ್.ಐ. ಆಯಿತು. ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಮೆತ್ತೆ ಸ್ವಲ್ಪ ಹೊರಚಾಚಿದೆ ಎಂದು ವರದಿ ಬಂತು. ಸಿಕ್ಕಿತಲ್ಲ ಕಾರಣ! ಎಲುಬಿನ ಡಾಕ್ಟರು ಬೆಲ್ಟು ಬರೆದರು, ತೂಕ ಕಟ್ಟಿ ಕಾಲು ಜಗ್ಗುವ ಚಿಕಿತ್ಸೆ ಬರೆದರು. ಆರು ತಿಂಗಳು ಅದೂ ನಡೆಯಿತು. ಗುಣವಾಗಲಿಲ್ಲ. ಇನ್ನೊಬ್ಬ ಡಾಕ್ಟರು ಬೇರೆ ಹೆಸರು ಹೇಳಿ ಬೇರೆ ಗುಳಿಗೆ ಕೊಟ್ಟರು. ಮೂರನೆಯವರು ಅತ್ತಿಯನ್ನು ಪಕ್ಕಕ್ಕೆ ಕರೆದು, ಇದು ಮನಸ್ಸಿನ ಬೇನೆ ಇರಬಹುದು, ಡ್ಯೂಟಿ ತಪ್ಪಿಸಲು ಹೀಗೆ ಮಾಡುವವರು ಇರುತ್ತಾರೆ ಎಂದರು. ಅತ್ತಿ ಅದನ್ನು ಮಾಮಾನಿಗೆ ಹೇಳಲಿಲ್ಲ. ನನಗೆ ಹೇಳಿದರು. ಇವತ್ತಿಗೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ.

2022ರ ಕೊನೆಗೆ ಒಂದು ರಾತ್ರಿ ಮಾಮಾ ಕೆಮ್ಮಿದರು, ಪಕ್ಕೆಲುಬು ಮುರಿಯಿತು. ಕೆಮ್ಮಿದರೆ ಎಲುಬು ಮುರಿಯುವುದು ಎಂದರೆ ಹುಡುಗಾಟವೆ? ಈಗ ಎಲ್ಲರೂ ಹೆದರಿದರು. ಥಾಣೆಯಲ್ಲಿ ಇಡೀ ಎಲುಬಿನ ಹಂದರದ ಸ್ಕ್ಯಾನ್ ಮಾಡಿಸಿದರು. ಫಿಲ್ಮಿನಲ್ಲಿ ಪಕ್ಕೆಲುಬು, ಸೊಂಟ, ತೊಡೆಗಳ ಮೇಲೆ ಹತ್ತು ಹನ್ನೆರಡು ಕಪ್ಪು ಚುಕ್ಕೆ. ಕ್ಯಾನ್ಸರು ಎಲುಬಿಗೆ ಹರಡಿದ ಶಂಕೆ, ಪರೀಕ್ಷಿಸತಕ್ಕದ್ದು ಎಂಬರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ. ಆ ಸಾಲನ್ನು ಮನೆಯವರಿಗೆ ಓದಿ ಹೇಳುವ ಪಾಳಿ ನನ್ನದು. ಲೋಕಲ್ಲಿನಲ್ಲಿ ಮುಂಬ್ರಾ ದಾಟಿ ದಿವಾ ಬರುವ ತನಕ ನಾನು ಬಾಯಿ ತೆರೆಯಲಿಲ್ಲ.

ಮೂಲ ಗಂಟು ಎಲ್ಲಿದೆ ಎಂದು ಹುಡುಕಲು ಪೆಟ್-ಸಿ.ಟಿ. ಆಗಬೇಕೆಂದರು. ಅತ್ತಿಯ ಎರಡು ಬಳೆ ಹೋದವು. ಠಾಕುರ್ಲಿ ಸೇತುವೆ ಹತ್ತಲಾಗದ ಮನುಷ್ಯನನ್ನು ರಿಕ್ಷಾದಲ್ಲಿ ಶಿಳ್ ಫಾಟಾ ಹಾದು ನವಿ ಮುಂಬಯಿಗೆ ಕರೆದೊಯ್ದೆವು. ಆ ರಸ್ತೆಯ ಒಂದೊಂದು ಗುಂಡಿಗೂ ಅವರು ಹಲ್ಲು ಕಚ್ಚುತ್ತಿದ್ದರು. ವರದಿ ಬಂತು: ಮೂಲ ಗಂಟು ಕಾಣಲಿಲ್ಲ.

ಕೊನೆಗೆ ಯಾರೋ ಹೇಳಿದರೆಂದು ಪರೇಲಿನ ಒಂದು ದೊಡ್ಡ ಸರಕಾರಿ ಆಸ್ಪತ್ರೆಗೆ ಹೋದೆವು. ನಾಲ್ಕು ತಾಸು ಸಾಲಿನಲ್ಲಿ ನಿಂತ ಮೇಲೆ ಒಬ್ಬ ಹುಡುಗ ಡಾಕ್ಟರು ಸಿಕ್ಕರು. ನನಗಿಂತ ಆರೇಳು ವರ್ಷ ದೊಡ್ಡವರಿರಬಹುದು. ನಾವು ತಂದ ದಪ್ಪ ಚೀಲವನ್ನು ಅವರು ತೆರೆಯಲಿಲ್ಲ. ಮೊದಲು ಮಾಮಾನ ಮುಖ ನೋಡಿ ಮರಾಠಿಯಲ್ಲಿ ಕೇಳಿದರು: ನೆಲದ ಮೇಲೆ ಕೂತರೆ ಕೈಯೂರದೆ ಏಳುತ್ತೀರಾ? ಮೆಟ್ಟಿಲು ಹತ್ತುವಾಗ ನೋವು ಹೆಚ್ಚೋ, ಶಕ್ತಿ ಇಲ್ಲದ್ದು ಹೆಚ್ಚೋ? ಎತ್ತರ ಕಡಿಮೆಯಾಗಿದೆಯೇ? ಮೈಮೇಲೆ ಎಲ್ಲಾದರೂ ಸಣ್ಣ ಗಂಟು ಇದೆಯೇ, ಎಷ್ಟೇ ಸಣ್ಣದಿರಲಿ?

ಮಾಮಾ ಸ್ವಲ್ಪ ಯೋಚಿಸಿ ಎಡಗಾಲಿನ ಚಪ್ಪಲಿ ಬಿಟ್ಟು ಅಂಗಾಲು ತೋರಿಸಿದರು. ಅಲ್ಲಿ ಶೇಂಗಾ ಕಾಳಿನಷ್ಟು ಒಂದು ಗಟ್ಟಿ. ಐದು ವರ್ಷದಿಂದ ಇತ್ತಂತೆ. ಆಣಿ ಎಂದು ತಿಳಿದುಕೊಂಡಿದ್ದರು.

"ಇದನ್ನ ಮೊದಲ ಯಾಕ ಹೇಳಲಿಲ್ಲ ಮಾಮಾ?" ಅಂದೆ.

"ಯಾರೂ ಕೇಳಲಿಲ್ಲಲ್ಲೋ ತಮ್ಮಾ" ಅಂದರು.

ಅಂದೇ ರಕ್ತದಲ್ಲಿ ರಂಜಕದ ಪರೀಕ್ಷೆ ಬರೆದರು. ಫಾಸ್ಫರಸ್ ಎಂದು ನಾವು ಕರೆಯುವುದು. ಖರ್ಚು ಇನ್ನೂರು ರೂಪಾಯಿಯೊಳಗೆ. ದೊಡ್ಡವರಲ್ಲಿ ಅದು ಸುಮಾರು 2.5ರಿಂದ 4.5 ಇರಬೇಕು, ಮಾಮಾನದು 1.2. ನಾಲ್ಕು ವರ್ಷದ ದಪ್ಪ ಚೀಲದಲ್ಲಿ ಮೂರು ಬಗೆಯ ಸ್ಕ್ಯಾನುಗಳಿದ್ದವು. ಈ ಒಂದು ಪರೀಕ್ಷೆ ಮಾತ್ರ ಒಂದು ಚೀಟಿಯಲ್ಲೂ ಇರಲಿಲ್ಲ.

ರೋಗ ಏನು ಎಂಬುದನ್ನು ವಿಜ್ಞಾನ ಓದದ ಗೆಳೆಯರಿಗಾಗಿ ಸರಳವಾಗಿ ಹೇಳುತ್ತೇನೆ. ಎಲುಬು ಗಟ್ಟಿಯಾಗಲು ಸುಣ್ಣದ ಅಂಶ ಎಷ್ಟು ಬೇಕೋ ರಂಜಕವೂ ಅಷ್ಟೇ ಬೇಕು. ಅಪರೂಪಕ್ಕೆ ದೇಹದಲ್ಲಿ ಒಂದು ಸಣ್ಣ ಗಂಟು ಹುಟ್ಟುತ್ತದೆ. ಬಹಳ ಮಟ್ಟಿಗೆ ಅದು ಕ್ಯಾನ್ಸರ್ ಅಲ್ಲ, ಹರಡುವುದಿಲ್ಲ. ಆದರೆ ಎಫ್.ಜಿ.ಎಫ್.-23 ಎಂಬ ಒಂದು ರಸವನ್ನು ಸುರಿಸುತ್ತದೆ. ಆ ರಸ ಮೂತ್ರಪಿಂಡಕ್ಕೆ 'ರಂಜಕವನ್ನು ಹೊರಗೆ ಚೆಲ್ಲು' ಎಂದು ಹೇಳುತ್ತಲೇ ಇರುತ್ತದೆ. ರಂಜಕ ಹೋದಂತೆ ಎಲುಬು ಹಸಿ ಮಣ್ಣಿನ ಗೋಡೆಯಾಗುತ್ತದೆ. ತನ್ನ ಭಾರಕ್ಕೆ ತಾನೇ ಬಿರುಕು ಬಿಡುತ್ತದೆ. ಥಾಣೆಯ ಫಿಲ್ಮಿನಲ್ಲಿ ಕಂಡ ಕಪ್ಪು ಚುಕ್ಕೆಗಳು ಕ್ಯಾನ್ಸರಿನ ಮರಿಗಳಲ್ಲ, ಇಂಥ ಬಿರುಕುಗಳು. ಗಂಟನ್ನು ಪೂರ್ತಿ ತೆಗೆದರೆ ರೋಗವೇ ಹೋಗುತ್ತದೆ. ಇಂಗ್ಲೆಂಡಿನ ಮ್ಯಾಕ್‌ಕಾನ್ಸ್ ಎಂಬ ವೈದ್ಯರು 1947ರಲ್ಲಿಯೇ ಇಂಥ ಒಬ್ಬ ರೋಗಿಯ ವಿಷಯ ಬರೆದಿದ್ದರು. ಈ ರಸಕ್ಕೂ ರೋಗಕ್ಕೂ ಇರುವ ನಂಟು ಸಿಕ್ಕಿದ್ದು 2001ರಲ್ಲಿ. ರೋಗಕ್ಕೆ 'ಗಂಟಿನಿಂದಾದ ಆಸ್ಟಿಯೋಮಲೇಶಿಯಾ' ಎಂದು ಹೆಸರು. ನಮ್ಮ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಗ್ರಂಥಿರೋಗ ವಿಭಾಗದವರು ಇಂಥ ರೋಗಿಗಳ ಮೇಲೆ ಅಭ್ಯಾಸ ಮಾಡಿ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಅಂದರೆ ತಿಳಿವಳಿಕೆ ಎಲ್ಲೋ ಅಮೇರಿಕದಲ್ಲಿರಲಿಲ್ಲ. ಡೊಂಬಿವಲಿಯಿಂದ ಒಂದು ತಾಸಿನ ಗಾಡಿಯ ದೂರದಲ್ಲಿತ್ತು.

ಇನ್ನು ನವಿ ಮುಂಬಯಿಯ ಪೆಟ್ ಸ್ಕ್ಯಾನಿನ ವಿಷಯ. ಅದು ಸುಳ್ಳು ಹೇಳಿತೆ? ಇಲ್ಲ. ವರದಿಯ ಮೊದಲ ಸಾಲಿನಲ್ಲೇ ಬರೆದಿತ್ತು: ತಲೆಬುರುಡೆಯ ಬುಡದಿಂದ ತೊಡೆಯ ನಡುವಿನವರೆಗೆ. ಕ್ಯಾನ್ಸರು ಹುಡುಕಲು ಸಾಮಾನ್ಯವಾಗಿ ಅಷ್ಟೇ ಭಾಗ ನೋಡುತ್ತಾರೆ, ಅದು ತಪ್ಪಲ್ಲ. ಆದರೆ ನಮ್ಮ ಮಾಮಾನ ಗಂಟು ಅಂಗಾಲಿನಲ್ಲಿತ್ತು! ಯಂತ್ರ ತೊಡೆಗೆ ಬಂದು ನಿಂತಿತು, ರೋಗ ಅಲ್ಲಿಂದ ಎರಡೂವರೆ ಅಡಿ ಕೆಳಗೆ ಕೂತಿತ್ತು. ಆ ಸ್ಕ್ಯಾನಿನಲ್ಲಿ ಹಾಕಿದ ಔಷಧಿಯೂ ಬೇರೆ. ಎಫ್.ಡಿ.ಜಿ. ಎಂಬ ವಿಕಿರಣ ಬೆರೆತ ಸಕ್ಕರೆ ಅದು. ಹಸಿದ ಜೀವಕೋಶಗಳು ಅದನ್ನು ನುಂಗಿ ಹೊಳೆಯುತ್ತವೆ. ಮಾಮಾನಂಥವರ ಗಂಟಿಗೆ ಅದಕ್ಕಿಂತ ಚೆನ್ನಾಗಿ ಹಿಡಿಯುವುದು ಗ್ಯಾಲಿಯಂ-68 ಕೂಡಿಸಿದ ಡೋಟಾಟೇಟ್ ಎಂಬುದು, ಏಕೆಂದರೆ ಆ ಗಂಟಿನ ಮೈಮೇಲೆ ಅದು ಅಂಟಿಕೊಳ್ಳುವ ಕೊಂಡಿಗಳಿರುತ್ತವೆ. ಎರಡನೆಯ ಸಲ ಆ ಔಷಧಿ ಹಾಕಿ, ನೆತ್ತಿಯಿಂದ ಅಂಗಾಲವರೆಗೆ ಚಿತ್ರ ತೆಗೆದರು. ಎಡಗಾಲಿನ ಅಡಿಯಲ್ಲಿ ಒಂದೇ ಒಂದು ದೀಪ ಹಚ್ಚಿಟ್ಟಂತೆ ಕಂಡಿತು. 2023ರ ಮಳೆಗಾಲದಲ್ಲಿ ಗಂಟು ತೆಗೆದರು. ಹತ್ತು ದಿನದೊಳಗೆ ರಂಜಕ ಸರಿಯಾಯಿತು. ಎಲುಬು ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕಾಯಿತು. ಈಗ ಮಾಮಾ ಕೋಲಿಲ್ಲದೆ ನಡೆಯುತ್ತಾರೆ. ನೌಕರಿ ಮಾತ್ರ ತಿರುಗಿ ಸಿಗಲಿಲ್ಲ.

ಇಷ್ಟನ್ನು ಕೇಳಿ 'ಹಾಗಾದರೆ ಯಂತ್ರಗಳೆಲ್ಲ ದುಡ್ಡು ಹೊಡೆಯುವ ಆಟ' ಎಂದು ಯಾರಾದರೂ ತೀರ್ಮಾನಿಸಿದರೆ ನಾನು ಒಪ್ಪುವುದಿಲ್ಲ. ಕೊನೆಗೆ ಗಂಟನ್ನು ತೋರಿಸಿಕೊಟ್ಟದ್ದೂ ಯಂತ್ರವೇ ತಾನೆ? ಈ ಯಂತ್ರಗಳ ಹಿಂದಿನ ಬುದ್ಧಿಗೆ ನಾನು ಕೈಮುಗಿಯುತ್ತೇನೆ. 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ತನ್ನ ಹೆಂಡತಿಯ ಕೈಯೆಲುಬಿನ ಚಿತ್ರ ತೆಗೆದ. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಹೊಟ್ಟೆಯ ಗಂಟುಗಳನ್ನು ಶಬ್ದದ ಅಲೆಗಳಿಂದ ನೋಡಬಹುದೆಂದು ಪ್ರಕಟಿಸಿದ. ಅವನ ರೋಗಿಗಳಲ್ಲಿ ಒಬ್ಬ ಹೆಂಗಸಿಗೆ ವಾಸಿಯಾಗದ ಹೊಟ್ಟೆಯ ಕ್ಯಾನ್ಸರು ಎಂದು ಕೈಬಿಟ್ಟಿದ್ದರು. ಇದು ಗಟ್ಟಿ ಗಂಟೋ, ನೀರು ತುಂಬಿದ ಚೀಲವೋ ಎಂದು ಅವನು ನೋಡಿದ. ನೀರಿನ ಚೀಲ! ಅಂಡಾಶಯದ ಆ ಚೀಲ ತೆಗೆದರು, ಹೆಂಗಸು ಬದುಕಿದಳು. ಗಮನಿಸಿ, ಅಲ್ಲಿಯೂ ಚಿತ್ರಕ್ಕಿಂತ ಮೊದಲು ಒಂದು ಪ್ರಶ್ನೆ ಇತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡನ ಯಂತ್ರ ಮೊದಲ ಸಲ ಒಬ್ಬ ರೋಗಿಯ ತಲೆಯ ಸಿ.ಟಿ. ತೆಗೆಯಿತು. ಅಲ್ಲಿಯೂ ಮೆದುಳಿನ ಮುಂಭಾಗದಲ್ಲಿ ಗಂಟಿದೆಯೇ ಎಂಬ ಪ್ರಶ್ನೆ ಮೊದಲೇ ಇತ್ತು.

ಅದೇ 1971ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಒಂದು ಲೇಖನ ಪ್ರಕಟಿಸಿದರು. ಬೇರೆ ಬೇರೆ ದಿಕ್ಕಿನಿಂದ ತೆಗೆದ ನೆರಳುಗಳಿಂದ ಒಳಗಿನ ಆಕಾರವನ್ನು ತಿರುಗಿ ಕಟ್ಟುವ ಸುಲಭದ ಲೆಕ್ಕ ಅದು. ಸಿ.ಟಿ.ಯ ಗಣಿತದಲ್ಲಿ ಅವರಿಬ್ಬರ ಹೆಸರು ಕೂಡಿಸಿ 'ರಾಮ್-ಲ್ಯಾಕ್' ಎಂದು ಇಂದಿಗೂ ಜಗತ್ತು ಕರೆಯುತ್ತದೆ. ನಮ್ಮ ಫಿಸಿಕ್ಸ್ ತರಗತಿಯಲ್ಲಿ ಇದನ್ನು ಒಬ್ಬರೂ ಹೇಳಲಿಲ್ಲ, ನಾನಾಗಿ ಓದಿ ತಿಳಿದೆ. ಭಾರತದ ಮೊದಲ ಪೆಟ್ ಯಂತ್ರ ಬಂದದ್ದು 2002ರಲ್ಲಿ, ಪರೇಲಿನಲ್ಲಿರುವ ಭಾಭಾ ಅಣು ಸಂಶೋಧನ ಕೇಂದ್ರದ ವಿಕಿರಣ ವೈದ್ಯ ಕೇಂದ್ರಕ್ಕೆ. ಅದೇ ವರ್ಷ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನ ಸಂಸ್ಥೆ ಪರೇಲು ಬಿಟ್ಟು ಖಾರ್ಘರಿಗೆ ಬಂತು. ಈಗ ಅದು ಆಕ್ಟ್ರೆಕ್. ನಮ್ಮ ವಾಶಿಯಲ್ಲಿ ಬ್ರಿಟ್ ಎಂಬ ಸರಕಾರಿ ಸಂಸ್ಥೆಯಿದೆ, 1989ರಲ್ಲಿ ಸ್ಥಾಪನೆಯಾದದ್ದು. ಎಲುಬಿನ ಸ್ಕ್ಯಾನಿಗೆ ಬೇಕಾದಂಥ ವಿಕಿರಣ ಔಷಧಿಗಳು ಅಲ್ಲಿಂದ ದೇಶದ ಆಸ್ಪತ್ರೆಗಳಿಗೆ ಹೋಗುತ್ತವೆ. ಇವುಗಳ ಆಯುಷ್ಯ ಎಷ್ಟು ಗೊತ್ತೆ? ಟೆಕ್ನೀಶಿಯಂ ಆರು ತಾಸಿಗೆ ಅರ್ಧವಾಗುತ್ತದೆ, ಪೆಟ್ ಸಕ್ಕರೆಯ ಫ್ಲೋರಿನ್ 110 ನಿಮಿಷಕ್ಕೆ, ಗ್ಯಾಲಿಯಂ 68 ನಿಮಿಷಕ್ಕೆ. ಕರಗುವ ಮಂಜುಗಡ್ಡೆ ಹೊತ್ತು ಓಡಿದಂತೆ ಓಡಿ ರೋಗಿಗೆ ಮುಟ್ಟಿಸಬೇಕು. ಇಷ್ಟು ಕಷ್ಟದ ಕೆಲಸವನ್ನು ನಮ್ಮವರು ದಿನದಿನವೂ ಮಾಡುತ್ತಾರೆ. ಇಷ್ಟೆಲ್ಲ ಮಾಡಿ ಕೊನೆಗೆ, ಮೈಮೇಲೆ ಗಂಟಿದೆಯೇ ಎಂದು ಕೇಳುವುದನ್ನು ಮರೆತರೆ?

ನನ್ನ ಅಭಿಪ್ರಾಯ ಈಗ ಸ್ಪಷ್ಟವಾಗಿರಬೇಕು. ಸ್ಕ್ಯಾನು ಉತ್ತರ ಕೊಡುವ ಯಂತ್ರ, ಪ್ರಶ್ನೆಯನ್ನು ಅದು ಹುಟ್ಟಿಸುವುದಿಲ್ಲ. ಬೆನ್ನಿನ ಕಡೆ ತಿರುಗಿಸಿದರೆ ಬೆನ್ನನ್ನು ತೋರಿಸುತ್ತದೆ. ಬೆನ್ನಿನಲ್ಲಿ ಏನಾದರೊಂದು ಇದ್ದೇ ಇರುತ್ತದೆ. ಇದು ನನ್ನ ಊಹೆಯಲ್ಲ. ನೋವೇ ಇಲ್ಲದ 3,110 ಜನರ ಬೆನ್ನಿನ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ಅಭ್ಯಾಸ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 30 ಜನರಲ್ಲಿ ಮೆತ್ತೆ ಹೊರಚಾಚಿತ್ತು, ಎಂಬತ್ತರವರಲ್ಲಿ ನೂರಕ್ಕೆ 84. ನಮ್ಮ ತರಗತಿಯ ಎಪ್ಪತ್ತು ಜನರನ್ನು ಇಂದೇ ಎಂ.ಆರ್.ಐ. ಒಳಗೆ ಮಲಗಿಸಿದರೆ ಇಪ್ಪತ್ತು ಜನರ ಕೈಗೆ ಮಾಮಾನಿಗೆ ಬಂದಂಥ ವರದಿ ಬರಬಹುದು! ಹೀಗಿರುವಾಗ ಆ ಚಾಚಿದ ಮೆತ್ತೆಯೇ ನೋವಿನ ಮೂಲ ಎಂದು ಹೇಗೆ ಹೇಳುವುದು? ಚಿತ್ರದಲ್ಲಿ ಕಂಡದ್ದೆಲ್ಲ ಕಾರಣವಲ್ಲ. ಚಿತ್ರ ತೆಗೆದವರೂ ಇದನ್ನು ಬಲ್ಲರು. ಅದಕ್ಕೇ ವರದಿಯ ಕೊನೆಗೆ, ರೋಗಿಯ ಲಕ್ಷಣಗಳೊಂದಿಗೆ ಹೊಂದಿಸಿ ನೋಡತಕ್ಕದ್ದು ಎಂಬ ಅರ್ಥದ ಒಂದು ಸಾಲು ಇರುತ್ತದೆ. ನಾವು ಅದನ್ನು ಅಂಗಡಿಯ ರಸೀದಿಯ ಕೊನೆಯ ಸಾಲಿನಂತೆ ಓದದೆ ಬಿಡುತ್ತೇವೆ. ನನಗೆ ಈಗ ಅನ್ನಿಸುವುದು, ಇಡೀ ವರದಿಯಲ್ಲಿ ಅದೇ ಮುಖ್ಯವಾದ ಸಾಲು.

ಈ ಲೇಖನದ ಕರಡನ್ನು ಓದಿದ ಒಬ್ಬ ಗೆಳೆಯ ಮೂರು ಆಕ್ಷೇಪಣೆ ಎತ್ತಿದ. ಅವನ್ನೂ ಹೇಳಿಬಿಡುತ್ತೇನೆ.

ಮೊದಲನೆಯದು: "ನೂರು ಜನ ಸೊಂಟ ನೋವು ಅಂತ ಬರುತ್ತಾರೆ, ಅದರಲ್ಲಿ ತೊಂಬತ್ತೊಂಬತ್ತು ಜನರದು ಸಾಮಾನ್ಯ ನೋವು. ಪ್ರತಿಯೊಬ್ಬನಿಗೂ ಅಪರೂಪದ ರೋಗ ಇದೆ ಎಂದು ಡಾಕ್ಟರು ಶಂಕಿಸುತ್ತ ಕೂಡಬೇಕೇ?" ಬೇಡ. ಮೊದಲ ಸಲ ಬಂದಾಗ ವಾತ ಎಂದದ್ದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಆರು ತಿಂಗಳ ಚಿಕಿತ್ಸೆಗೆ ಬಗ್ಗದ ನೋವು, ಏಳಲಾಗದ ನಿಶ್ಶಕ್ತಿ, ತಾನಾಗಿ ಮುರಿಯುವ ಎಲುಬು ಇವು ಕಂಡ ಮೇಲೂ ಮೊದಲಿನ ಹೆಸರಿಗೇ ಜೋತು ಬೀಳುವುದು ತಪ್ಪು. ಅಪರೂಪದ ರೋಗಗಳು ಒಂದೊಂದೂ ಅಪರೂಪ, ನಿಜ. ಆದರೆ ಅವುಗಳ ಸಂಖ್ಯೆ ಆರರಿಂದ ಎಂಟು ಸಾವಿರ ಎನ್ನುತ್ತಾರೆ. ಎಲ್ಲ ಕೂಡಿದರೆ ಕೋಟ್ಯಂತರ ಜನ.

ಎರಡನೆಯದು: "ಹಾಗಾದರೆ ಎಲ್ಲರಿಗೂ ನೆತ್ತಿಯಿಂದ ಅಂಗಾಲವರೆಗೆ ಒಂದೇ ಸಲ ಸ್ಕ್ಯಾನ್ ಮಾಡಿಬಿಟ್ಟರಾಯಿತಲ್ಲ!" ಇದು ಕೇಳಲು ಚೆಂದ. ಆದರೆ ನೆಲದಿಂದ, ಗಾಳಿಯಿಂದ, ಆಕಾಶದಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾನಾಗಿ ಬೀಳುತ್ತದೆ. ಹೊಟ್ಟೆಯ ಒಂದು ಸಿ.ಟಿ. ಅದರ ಮೂರು ನಾಲ್ಕು ಪಟ್ಟು ಕೊಡಬಲ್ಲದು. ಬೇಕಾದಾಗ ಅದು ಹೆಚ್ಚೇನಲ್ಲ, ಬೇಡವಾದಾಗ ಯಾಕೆ? ಅದಕ್ಕಿಂತ ಹೆಚ್ಚಿನ ಅಪಾಯ ಎಂದರೆ ಕಣ್ಣಿಗೆ ಬೀಳುವ ನಿರುಪದ್ರವಿ ಚುಕ್ಕೆಗಳು. ಒಂದು ಚುಕ್ಕೆಯ ಹಿಂದೆ ಓಡಿದರೆ ಇನ್ನೊಂದು ಪರೀಕ್ಷೆ, ಅದರ ಹಿಂದೆ ಇನ್ನೊಂದು. ಬಳೆ ಮಾರಿದವರಿಗೇ ಗೊತ್ತು ಅದರ ರುಚಿ.

ಮೂರನೆಯದು: "ಈಗ ಕಂಪ್ಯೂಟರೇ ಚಿತ್ರ ಓದುತ್ತದೆ, ಮನುಷ್ಯನ ಕಣ್ಣು ತಪ್ಪಿದ್ದನ್ನು ಅದು ಹಿಡಿಯುತ್ತದೆ." ಹಿಡಿಯಲಿ, ಸಂತೋಷ. ಎದೆಯ ಎಕ್ಸ್‌ರೇಯಲ್ಲಿ ಕ್ಷಯ ಹುಡುಕಲು ಅದು ಈಗಾಗಲೇ ಬಳಕೆಯಲ್ಲಿದೆ. ಆದರೆ ಕಂಪ್ಯೂಟರು ಕಲಿಯುವುದು ಸಾವಿರಾರು ಚಿತ್ರ ನೋಡಿ. ಅಪರೂಪದ ರೋಗಕ್ಕೆ ಸಾವಿರಾರು ಚಿತ್ರ ಎಲ್ಲಿಂದ ತರುವುದು? ಚಿತ್ರ ತೊಡೆಗೇ ನಿಂತರೆ ಅಂಗಾಲಿನಲ್ಲಿ ಇದ್ದದ್ದನ್ನು ಯಾವ ಕಂಪ್ಯೂಟರು ಓದೀತು?

ಸರಕಾರದ ಕಡೆಯಿಂದಲೂ ಒಂದು ಬಾಗಿಲು ತೆರೆದಿದೆ. 2021ರಲ್ಲಿ ಕೇಂದ್ರ ಸರಕಾರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿ ತಂದಿತು. ಅದರಲ್ಲಿ ಹೆಸರಿಸಿದ ಕೇಂದ್ರಗಳಲ್ಲಿ ಮುಂಬಯಿಯ ಕೆ.ಇ.ಎಂ. ಒಂದು, ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಇನ್ನೊಂದು. ಪಟ್ಟಿಯಲ್ಲಿರುವ ರೋಗವಾದರೆ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಕೊಡಬಹುದೆಂದು 2022ರಲ್ಲಿ ಏರಿಸಿದರು. ಒಳ್ಳೆಯದೇ. ಆದರೆ ಆ ಬಾಗಿಲಿಗೆ ಹೋಗಬೇಕಾದರೆ ಮೊದಲು ರೋಗಕ್ಕೆ ಒಂದು ಹೆಸರಾದರೂ ಬೇಕು. ಹೆಸರಿಲ್ಲದ ನೋವು ಹೊತ್ತವನು ಯಾವ ಕಿಟಕಿಯಲ್ಲಿ ಅರ್ಜಿ ಕೊಡಬೇಕು? ನಾಲ್ಕು ವರ್ಷ ಮಾಮಾ ನಿಂತದ್ದು ಆ ಬಾಗಿಲಿನ ಹೊರಗೆ.

ಡಾಕ್ಟರುಗಳ ಮೇಲೆ ಕಲ್ಲೆಸೆಯುವುದಕ್ಕೆ ನಾನು ಇದನ್ನು ಬರೆಯಲಿಲ್ಲ. ಒಂದೇ ಮುಂಜಾನೆಗೆ ನೂರೈವತ್ತು ರೋಗಿಗಳು ಎದುರಿಗಿದ್ದರೆ ಒಬ್ಬೊಬ್ಬನಿಗೆ ಸಿಗುವುದು ಎರಡು ನಿಮಿಷ. ಎರಡು ನಿಮಿಷದಲ್ಲಿ ಚೀಟಿ ಬರೆಯಬಹುದು, ಕತೆ ಕೇಳಲಾಗುವುದಿಲ್ಲ. ನಮ್ಮವರಿಗಾದರೂ ಹೇಳಲು ಬರುತ್ತದೆಯೆ? ಅಲ್ಲಿ ಮಾತು ಮರಾಠಿ, ಕಾಗದ ಇಂಗ್ಲಿಷು, ನೋವು ಕನ್ನಡದ್ದು. "ಮೊಳಿ ಹೊಡದಂಗ ಆಗತೈತಿ" ಎಂಬುದು ಚೀಟಿಯ ಮೇಲೆ ಬರುವಾಗ ಬರೀ 'ನೋವು' ಆಗಿರುತ್ತದೆ. ನೋವಿಗಿಂತ ನಿಶ್ಶಕ್ತಿ ಹೆಚ್ಚು, ನೆಲದಿಂದ ಏಳಲಾಗುವುದಿಲ್ಲ ಎಂಬುದು ಬರುವುದೇ ಇಲ್ಲ. ಆದರೆ ರೋಗದ ಕೀಲಿಕೈ ಇದ್ದದ್ದು ಅದರಲ್ಲೇ.

ಇಲ್ಲಿಗೆ ನಾನು ನಮ್ಮ ಸಂಘದ ಬಾಗಿಲಿಗೆ ಬಂದೆ. ಡಾಕ್ಟರುಗಳು ರೋಗಿಯ ಹಿಂದಿನ ವೃತ್ತಾಂತಕ್ಕೆ 'ಹಿಸ್ಟರಿ' ಎನ್ನುತ್ತಾರೆ. ಅದೊಂದು ಕತೆಯೇ. ಯಾವುದು ಮೊದಲು ಆಯಿತು, ಯಾವುದು ಆಮೇಲೆ, ಯಾವಾಗ ಹೆಚ್ಚಿತು, ಯಾವ ಔಷಧಿಗೆ ಬಗ್ಗಲಿಲ್ಲ, ಮೈಮೇಲೆ ಏನು ಬದಲಾಯಿತು. ಕತೆಯಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ನಾವು ಪ್ರತಿ ಶನಿವಾರ ಚಹಾ ಕುಡಿಯುತ್ತ ವಾದಿಸುತ್ತೇವಲ್ಲ? ಆ ವಿದ್ಯೆಯನ್ನು ಒಂದು ಸಲ ಇಲ್ಲಿ ಉಪಯೋಗಿಸಬಾರದೇಕೆ? ಡೊಂಬಿವಲಿ, ಕಲ್ಯಾಣ, ಥಾಣೆಗಳಲ್ಲಿ ಹೋಟೆಲಿನಲ್ಲಿ ದುಡಿಯುವವರು, ಕಾರಖಾನೆಯವರು, ಕಟ್ಟಡದ ಕೆಲಸಕ್ಕೆ ವಿಜಯಪುರ ಕಲಬುರ್ಗಿ ಕಡೆಯಿಂದ ಬಂದವರು ಎಷ್ಟು ಜನ ಕನ್ನಡದವರಿದ್ದಾರೆ! ಪರೇಲಿನ ಆಸ್ಪತ್ರೆಗಳಿಗೆ ಊರಿನಿಂದ ರಾತ್ರಿ ಗಾಡಿಯಲ್ಲಿ ಬಂದು ಫುಟ್‌ಪಾತಿನ ಮೇಲೆ ಫೈಲು ತಲೆದಿಂಬಾಗಿಟ್ಟು ಮಲಗುವವರಲ್ಲೂ ನಮ್ಮ ಮಾತಿನವರಿದ್ದಾರೆ.

ನನ್ನ ಸೂಚನೆ ಸಣ್ಣದು. ನಮ್ಮಲ್ಲಿ ಹತ್ತು ಜನ ತಿಂಗಳಿಗೆ ಎರಡು ಭಾನುವಾರ ಸಂಘದ ಕೋಣೆಯಲ್ಲಿ ಕೂಡೋಣ. ಬಹಳ ದಿನದ ಬೇನೆ ಇರುವವರು ಬರಲಿ. ಅವರು ಕನ್ನಡದಲ್ಲಿ ಹೇಳಲಿ, ನಾವು ಕೇಳೋಣ, ಕೇಳಿ ಒಂದೇ ಒಂದು ಪುಟ ಬರೆದುಕೊಡೋಣ: ಮೇಲೆ ಕನ್ನಡ, ಕೆಳಗೆ ಇಂಗ್ಲಿಷು ಅಥವಾ ಮರಾಠಿ. ತಿಂಗಳು ವರ್ಷದ ಕ್ರಮದಲ್ಲಿ. ರೋಗದ ಹೆಸರು ಬರೆಯುವುದು ಬೇಡ, ಅದು ನಮ್ಮ ಕೆಲಸವಲ್ಲ. ಔಷಧಿ ಹೇಳುವುದು ಮೊದಲೇ ಬೇಡ. ಹಳೆಯ ಫಿಲ್ಮು, ಸಿ.ಡಿ., ವರದಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಒಂದು ಚೀಲದಲ್ಲಿ ಹಾಕಿಕೊಡೋಣ. ಎಷ್ಟೋ ಮಂದಿ ಹಳೆಯದಲ್ಲವೆ ಎಂದು ಎಸೆದುಬಿಡುತ್ತಾರೆ. ಹಿಂದಿನ ಚಿತ್ರದ ಪಕ್ಕ ಇಟ್ಟಾಗಲೇ ಇಂದಿನ ಚಿತ್ರಕ್ಕೆ ಬೆಲೆ. ವರದಿಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ನೋಡಿದ್ದಾರೆ ಎಂಬ ಸಾಲನ್ನು ಓದಿ ಹೇಳೋಣ. ಇಷ್ಟೇ. ಇದಕ್ಕೆ ಡಾಕ್ಟರಿಕೆ ಓದಬೇಕಾಗಿಲ್ಲ, ಕಿವಿ ಬೇಕು, ಕನ್ನಡ ಬೇಕು.

ಕನ್ನಡದಲ್ಲಿ ಇಂಥ ಕೆಲಸ ಹೊಸದೇನಲ್ಲ. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಒಬ್ಬರೇ ಬರೆದರು. ಡಾ. ಅನುಪಮಾ ನಿರಂಜನ ಅವರು 'ತಾಯಿ ಮಗು' ಬರೆದು ಮನೆಮನೆಯ ಹೆಂಗಸರಿಗೆ ಡಾಕ್ಟರು ಹೇಳದೆ ಬಿಟ್ಟದ್ದನ್ನು ಹೇಳಿದರು. ನಮ್ಮಿಂದ ಸಂಪುಟ ಆಗದು, ಒಂದು ಪುಟ ಆಗದೆ?

ಮೊನ್ನೆ ಭಾನುವಾರ ಮಾಮಾ ನಮ್ಮ ಮನೆಗೆ ಬಂದಿದ್ದರು. ಊಟವಾದ ಮೇಲೆ ನೆಲದ ಮೇಲಿನಿಂದ ಕೈಯೂರದೆ ಎದ್ದು ನಿಂತರು. ನಾನು ನೋಡುತ್ತಿದ್ದೆನೆಂದು ಗೊತ್ತಾಗಿ, "ಏನ್ ನೋಡತೀಲೇ?" ಅಂದರು. ಏನಿಲ್ಲ ಅಂದೆ. ಈ ಲೇಖನ ಬರೆಯುತ್ತಿರುವ ವಿಷಯ ಆಗ ಹೇಳಿದೆ. "ಬರೀ, ಬರೀ. ಆದ್ರ ಆಣಿ ಅಂತ ತಿಳಕೊಂಡು ಸುಮ್ಮನ ಕೂತಾಂವ ನಾನs ಅಂತನೂ ಬರೀ" ಅಂದರು.

ಬರೆದಿದ್ದೇನೆ ಮಾಮಾ. ಕೇಳದೆ ಇದ್ದವರದೂ ಬರೆದಿದ್ದೇನೆ. ಬರುವ ಶನಿವಾರದ ಸಭೆಯಲ್ಲಿ ಈ ಸೂಚನೆಯನ್ನು ಚರ್ಚೆಗೆ ಇಡುತ್ತೇನೆ. ಬರುವವರು ತಮ್ಮ ಮನೆಯ, ಚಾಳಿನ, ಹೋಟೆಲಿನ ಒಬ್ಬರ ಹೆಸರು ನೆನಪಿಟ್ಟುಕೊಂಡು ಬನ್ನಿ. ಬಹಳ ದಿನದಿಂದ ನರಳುತ್ತಿರುವ, ಯಾರೂ ಪೂರ್ತಿ ಕೇಳದೆ ಇರುವ ಒಬ್ಬರು ಪ್ರತಿ ಮನೆಯ ಹತ್ತಿರವೂ ಇರುತ್ತಾರೆ.